ರಿಫ್ರೆಶ್ ಆದ್ರೂ ಲೆಕ್ಕ ಉಳಿಬೇಕು: ವೆಬ್ ಆ್ಯಪ್‌ನಲ್ಲಿ ಸ್ಟೇಟ್ ಸೇವ್ ಮಾಡೋದು ಹೇಗೆ?

ಸಿಂಧನೂರಿನಲ್ಲಿ ಸುಗ್ಗಿ ಶುರುವಾದರೆ ಕಾಟಾದ ಮುಂದೆ ನೆಲ್ಲಿನ ಚೀಲಗಳ ಸಾಲು ನಿಲ್ಲುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಬೆಳೆದ ಬೆಳೆ, 75 ಕೆಜಿ ಚೀಲದ ಲೆಕ್ಕದಲ್ಲಿ ವ್ಯಾಪಾರ. ಒಬ್ಬರು ತೂಕ ಹೇಳ್ತಾ ಹೋಗ್ತಾರೆ, ಇನ್ನೊಬ್ಬರು ಬರ್ಕೊಳ್ತಾರೆ. ಈ ಬರೆಯೋ ಕೆಲಸಕ್ಕೆ ನಮ್ಮಂಥ ಯಾರೋ ಒಬ್ಬರು ಚಿಕ್ಕ ವೆಬ್ ಆ್ಯಪ್ ಮಾಡಿಕೊಟ್ಟಿದ್ದಾರೆ ಅಂದ್ಕೊಳ್ಳಿ. 63 ಚೀಲ ಎಂಟ್ರಿ ಆಗಿದೆ. ಅಷ್ಟರಲ್ಲಿ ಒಂದು ಕಾಲ್ ಬಂತು, ಆಮೇಲೆ ಚೀಟಿಯ ಫೋಟೊ ತೆಗೆಯೋಕೆ ಕ್ಯಾಮೆರಾ ಓಪನ್ ಆಯ್ತು. ವಾಪಸ್ ಬಂದರೆ ಪೇಜ್ ಮೊದಲಿಂದ ಲೋಡ್ ಆಗ್ತಿದೆ, ಪಟ್ಟಿ ಖಾಲಿ! ಹಮಾಲರು ಆಗಲೇ ಚೀಲಗಳನ್ನ ಲಾರಿಗೆ ಏರಿಸಿಬಿಟ್ಟಿದ್ದಾರೆ. ಮತ್ತೆ ಇಳಿಸಿ ತೂಗೋರು ಯಾರು? ರೈತರ ಕೈಗೆ ಬರೋ ದುಡ್ಡು ನಿಂತಿರೋದೇ ಆ ಪಟ್ಟಿ ಮೇಲೆ.

ಇಲ್ಲಿ ಯಾರೂ ತಪ್ಪು ಬಟನ್ ಒತ್ತಿಲ್ಲ. ಕಡಿಮೆ ರ್‍ಯಾಮ್ ಇರೋ ಫೋನಿನಲ್ಲಿ ಬೇರೆ ಆ್ಯಪ್ ತೆರೆದಾಗ, ಜಾಗ ಸಾಲದೆ ಬ್ರೌಸರ್ ಹಿಂದಿನ ಟ್ಯಾಬನ್ನ ಮೆಮೊರಿಯಿಂದ ತೆಗೆದುಹಾಕುತ್ತದೆ. ಜಾವಾಸ್ಕ್ರಿಪ್ಟ್ ವೇರಿಯಬಲ್‌ಗಳು ಇರೋದು ಅದೇ ಮೆಮೊರಿಯಲ್ಲಿ. ಟ್ಯಾಬ್ ಹೋದರೆ ಅವೂ ಹೋದವು.

ಸ್ಟೇಟ್ ಅಂದ್ರೆ ಏನು?

ಒಂದು ಕ್ಷಣದಲ್ಲಿ ಆ್ಯಪ್‌ಗೆ ಗೊತ್ತಿರೋದೆಲ್ಲ ಸ್ಟೇಟ್. ಚೀಲಗಳ ತೂಕ, ರೈತರ ಹೆಸರು, ಕ್ವಿಂಟಲ್ ದರ, ಒಟ್ಟು ಮೊತ್ತ, ಯಾವ ಮೆನು ತೆರೆದಿದೆ ಅನ್ನೋದು, ಎಲ್ಲವೂ. ಆದರೆ ಎಲ್ಲವನ್ನೂ ಸೇವ್ ಮಾಡಬೇಕಾಗಿಲ್ಲ. ಮತ್ತೆ ಲೆಕ್ಕ ಹಾಕಿ ಪಡೆಯಬಹುದಾದದ್ದನ್ನ ಬಿಟ್ಟುಬಿಡಿ. ತೂಕಗಳ ಪಟ್ಟಿ, ದರ ಇದ್ದರೆ ಒಟ್ಟು ಮೊತ್ತ ತಾನಾಗೇ ಬರುತ್ತದೆ. ಮೊತ್ತವನ್ನೂ ಬೇರೆ ಇಟ್ಟರೆ, ಒಂದು ತೂಕ ತಿದ್ದಿದ ದಿನ ಎರಡೂ ತಾಳೆ ಆಗದೆ ಜಗಳ ಶುರು. ಬಳಸುವವರು ಕೈಯಾರೆ ಕೊಟ್ಟದ್ದನ್ನ ಮಾತ್ರ ಕಳ್ಕೋಬಾರದು.

ಎಲ್ಲಿ ಇಡೋದು?

ವೆಬ್ಬಿಗೆ ಹುಟ್ಟಿನಿಂದಲೇ ಮರೆವು. ಎಚ್‌ಟಿಟಿಪಿಯಲ್ಲಿ ಒಂದು ರಿಕ್ವೆಸ್ಟಿಗೂ ಮುಂದಿನದಕ್ಕೂ ಸಂಬಂಧ ಇರಲ್ಲ. ಅದಕ್ಕೇ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಕುಕೀ ತಂದರು. ಆದರೆ ಕುಕೀ ಸುಮಾರು 4 ಕೆಬಿ ಅಷ್ಟೇ, ಮತ್ತೆ ಪ್ರತಿ ರಿಕ್ವೆಸ್ಟಿನ ಜೊತೆ ಸರ್ವರ್‌ಗೆ ಓಡಾಡ್ತಾ ಇರುತ್ತದೆ. ಲಾಗಿನ್ ಗುರುತಿಗೆ ಸರಿ, ತೂಕದ ಪಟ್ಟಿಗೆ ಅಲ್ಲ. ನಮಗೆ ಇರೋ ಬೇರೆ ದಾರಿಗಳು ಇವು:

- ಸೆಷನ್‌ಸ್ಟೋರೇಜ್: ರಿಫ್ರೆಶ್ ಮಾಡಿದರೆ ಉಳಿಯುತ್ತದೆ, ಟ್ಯಾಬ್ ಮುಚ್ಚಿದರೆ ಹೋಗುತ್ತದೆ.
- ಲೋಕಲ್‌ಸ್ಟೋರೇಜ್: ಬ್ರೌಸರ್ ಮುಚ್ಚಿ ತೆರೆದರೂ ಇರುತ್ತದೆ. ಸಾಮಾನ್ಯವಾಗಿ ಒಂದು ಸೈಟಿಗೆ ಸುಮಾರು 5 ಎಂಬಿ. ಬಳಸೋದು ತುಂಬಾ ಸುಲಭ.
- ಇಂಡೆಕ್ಸ್ಡ್‌ಡಿಬಿ: ಫೋಟೊ, ಸಾವಿರಾರು ದಾಖಲೆ ಇದ್ದರೆ ಇದು. ಕೋಡ್ ಸ್ವಲ್ಪ ಜಾಸ್ತಿ, ಆದರೆ ಓದುವಾಗ ಬರೆಯುವಾಗ ಪೇಜ್ ನಿಂತುಹೋಗಲ್ಲ.
- ಯುಆರ್‌ಎಲ್: ಯಾವ ಊರಿನ ಪಟ್ಟಿ, ಎಷ್ಟನೇ ಪೇಜ್ ಅನ್ನೋಂಥದ್ದನ್ನ ಲಿಂಕಿನಲ್ಲೇ ಇಟ್ಟರೆ ಬೇರೆಯವರಿಗೆ ಕಳಿಸಬಹುದು.

ನಮ್ಮ ಕಾಟಾ ಆ್ಯಪ್‌ಗೆ ಲೋಕಲ್‌ಸ್ಟೋರೇಜ್ ಸಾಕು.

ಬರೆಯುವಾಗ ಆಗೋ ಎಡವಟ್ಟು

ಲೋಕಲ್‌ಸ್ಟೋರೇಜ್‌ಗೆ ಗೊತ್ತಿರೋದು ಸ್ಟ್ರಿಂಗ್ ಒಂದೇ. 75 ಅನ್ನೋ ಸಂಖ್ಯೆ ಕೊಟ್ಟರೆ ವಾಪಸ್ ಬರೋದು 75 ಅನ್ನೋ ಅಕ್ಷರಗಳು. ಅದಕ್ಕೆ ಮುಂದಿನ ಚೀಲದ 74 ಕೂಡಿಸಿದರೆ ಜಾವಾಸ್ಕ್ರಿಪ್ಟ್ 149 ಅನ್ನಲ್ಲ, ಪಕ್ಕಪಕ್ಕ ಅಂಟಿಸಿ 7574 ಅನ್ನುತ್ತದೆ. ಎರಡು ಚೀಲಕ್ಕೆ ಏಳೂವರೆ ಟನ್! ಆಬ್ಜೆಕ್ಟ್ ಕೊಟ್ಟರಂತೂ ಒಳಗಿನ ಡೇಟಾ ಹೋಗಿ ‘ಆಬ್ಜೆಕ್ಟ್ ಆಬ್ಜೆಕ್ಟ್’ ಅನ್ನೋ ಎರಡು ಪದ ಮಾತ್ರ ಉಳಿಯುತ್ತವೆ.

ಅದಕ್ಕೇ ಇಡೀ ಸ್ಟೇಟನ್ನ ಒಂದು ಆಬ್ಜೆಕ್ಟ್ ಮಾಡಿ, ಜೇಸನ್‌ನ ಸ್ಟ್ರಿಂಗಿಫೈ ಫಂಕ್ಷನ್‌ನಿಂದ ಸ್ಟ್ರಿಂಗ್ ಆಗಿ ಬದಲಿಸಿ, ಸೆಟ್‌ಐಟಮ್‌ಗೆ ಕೊಡಬೇಕು. ಓದುವಾಗ ಗೆಟ್‌ಐಟಮ್, ಆಮೇಲೆ ಪಾರ್ಸ್. ಹೀಗೆ ಮಾಡಿದರೆ ಸಂಖ್ಯೆ ಸಂಖ್ಯೆಯಾಗೇ ಬರುತ್ತದೆ. ಆದರೆ ಜೇಸನ್‌ಗೂ ಮಿತಿ ಇದೆ. ಡೇಟ್ ಆಬ್ಜೆಕ್ಟ್ ಸ್ಟ್ರಿಂಗ್ ಆಗಿ ವಾಪಸ್ ಬರುತ್ತದೆ, ಅನ್‌ಡಿಫೈನ್ಡ್ ಇದ್ದ ಪ್ರಾಪರ್ಟಿ ಮಾಯ ಆಗುತ್ತದೆ. ದಿನಾಂಕವನ್ನ ಓದಿದ ಮೇಲೆ ನಾವೇ ಮತ್ತೆ ಡೇಟ್ ಮಾಡ್ಕೋಬೇಕು.

ಯಾವಾಗ ಸೇವ್ ಮಾಡೋದು? ಪೇಜ್ ಮುಚ್ಚುವಾಗ ಮಾಡೋಣ ಅಂತ ಬಿಫೋರ್‌ಅನ್‌ಲೋಡ್ ಇವೆಂಟ್ ನಂಬಬೇಡಿ. ಮೊಬೈಲ್‌ನಲ್ಲಿ ಅದು ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಪ್ರತಿ ಚೀಲ ಎಂಟ್ರಿ ಆದ ತಕ್ಷಣ ಬರೆಯೋದೇ ಒಳ್ಳೇದು. ಜೊತೆಗೆ ಪೇಜ್ ಕಣ್ಣಿಂದ ಮರೆಯಾದಾಗ ಬರೋ ವಿಸಿಬಿಲಿಟಿಚೇಂಜ್‌ನಲ್ಲಿ ಇನ್ನೊಂದು ಸಲ. ಜಾಗ ತುಂಬಿದ್ದರೆ ಸೆಟ್‌ಐಟಮ್ ಎರರ್ ಎಸೆಯುತ್ತದೆ. ಅದನ್ನ ಕ್ಯಾಚ್ ಮಾಡಿ ‘ಸೇವ್ ಆಗಿಲ್ಲ’ ಅಂತ ದೊಡ್ಡದಾಗಿ ತೋರಿಸಿ.

ಓದೋದು ಬರೆಯೋದಕ್ಕಿಂತ ಕಷ್ಟ

ಇದಕ್ಕೆ ನಮ್ಮ ಮಸ್ಕಿಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಅಶೋಕನ ಮಾತು ಅಲ್ಲಿನ ಬಂಡೆ ಮೇಲೆ ಎರಡು ಸಾವಿರಕ್ಕೂ ಹೆಚ್ಚು ವರ್ಷ ಅಳಿಸದೆ ಕೂತಿತ್ತು. ಸ್ಟೋರೇಜ್ ಅಂದ್ರೆ ಅದು! ಆದರೆ ಬ್ರಾಹ್ಮಿ ಲಿಪಿ ಓದೋ ವಿದ್ಯೆ ಮಧ್ಯದಲ್ಲಿ ಮರೆತುಹೋಗಿತ್ತು. 1830ರ ದಶಕದಲ್ಲಿ ಜೇಮ್ಸ್ ಪ್ರಿನ್ಸೆಪ್ ಲಿಪಿಯನ್ನ ಬಿಡಿಸಿದರು, 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಮಸ್ಕಿ ಶಾಸನ ಬಿತ್ತು. ಆಗ ‘ದೇವಾನಾಂಪಿಯ’ ಬಿರುದಿನ ಪಕ್ಕ ಅಶೋಕ ಅನ್ನೋ ಹೆಸರೇ ಸಿಕ್ಕಿತು. ಡೇಟಾ ಉಳಿದರಷ್ಟೇ ಸಾಲದು, ಅದರ ಫಾರ್ಮ್ಯಾಟ್ ಗೊತ್ತಿರೋರೂ ಬೇಕು.

ಆ್ಯಪ್‌ನಲ್ಲಿ ಫಾರ್ಮ್ಯಾಟ್ ಮರೆತುಹೋಗೋಕೆ ಸಾವಿರ ವರ್ಷ ಬೇಡ, ಒಂದು ಅಪ್‌ಡೇಟ್ ಸಾಕು. ನೋಡಿ, 2011ರ ಜನಗಣತಿಯ ಹೊತ್ತಿಗೆ ಮಸ್ಕಿ ಲಿಂಗಸುಗೂರು ತಾಲೂಕಿನಲ್ಲಿತ್ತು. ಈಗ ಅದೇ ಒಂದು ತಾಲೂಕು. ಹಳೇ ಸ್ಟೇಟ್‌ನಲ್ಲಿ ‘ಊರು: ಮಸ್ಕಿ, ತಾಲೂಕು: ಲಿಂಗಸುಗೂರು’ ಅಂತ ಸೇವ್ ಆಗಿದೆ, ಹೊಸ ಕೋಡ್ ಲಿಂಗಸುಗೂರಿನ ಊರುಗಳಲ್ಲಿ ಮಸ್ಕಿಯನ್ನ ಹುಡುಕಿದರೆ ಸಿಗಲ್ಲ. ಸ್ಕ್ರೀನ್ ಬೆಳ್ಳಗೆ.

ಪರಿಹಾರ ಸರಳ. ಸೇವ್ ಮಾಡೋ ಆಬ್ಜೆಕ್ಟ್‌ನಲ್ಲಿ ಮೊದಲ ದಿನದಿಂದಲೇ ಒಂದು ವರ್ಷನ್ ನಂಬರ್ ಇಡಿ. ಲೋಡ್ ಮಾಡುವಾಗ ಹೀಗೆ ಹೋಗಿ:

1. ಏನೂ ಸಿಗದಿದ್ದರೆ, ಅಂದ್ರೆ ನಲ್ ಬಂದರೆ, ಹೊಸಬರು ಅಂತ ಖಾಲಿ ಸ್ಟೇಟ್ ಕೊಡಿ.
2. ಪಾರ್ಸ್ ಅನ್ನ ಟ್ರೈ-ಕ್ಯಾಚ್ ಒಳಗಿಡಿ. ಕೆಟ್ಟಿದ್ದರೆ ಹಳೇ ಸ್ಟ್ರಿಂಗನ್ನ ಅಳಿಸದೆ ಬೇರೆ ಹೆಸರಲ್ಲಿ ಎತ್ತಿಡಿ.
3. ವರ್ಷನ್ 1 ಆಗಿದ್ದರೆ 2ಕ್ಕೆ ಬದಲಿಸೋ ಫಂಕ್ಷನ್ ಓಡಿಸಿ. ನಮ್ಮ ಉದಾಹರಣೆಯಲ್ಲಿ ಮಸ್ಕಿಯ ತಾಲೂಕನ್ನ ತಿದ್ದೋದು.
4. ಬಿಟ್ಟುಹೋದ ಫೀಲ್ಡ್‌ಗಳಿಗೆ ಡೀಫಾಲ್ಟ್ ತುಂಬಿ, ಆಮೇಲೆ ಸ್ಕ್ರೀನ್ ತೋರಿಸಿ.

ಇದು ಬ್ಯಾಕಪ್ ಅಲ್ಲ

ಲೋಕಲ್‌ಸ್ಟೋರೇಜ್ ಆ ಫೋನಿನ, ಆ ಬ್ರೌಸರಿನ, ಆ ವಿಳಾಸದ ಸೊತ್ತು. ವಿಳಾಸ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬದಲಾದರೂ ಅದು ಬೇರೆ ಮನೆ ಅಂತಲೇ ಲೆಕ್ಕ. ಇನ್‌ಕಾಗ್ನಿಟೊ ಮುಚ್ಚಿದರೆ ಎಲ್ಲ ಹೋಗುತ್ತದೆ. ಸಫಾರಿಯಲ್ಲಿ 7 ದಿನ ಸೈಟನ್ನ ಮುಟ್ಟದಿದ್ದರೂ ಅಳಿಸಬಹುದು. ಒಂದೇ ಆ್ಯಪ್ ಎರಡು ಟ್ಯಾಬಲ್ಲಿ ತೆರೆದಿದ್ದರೆ ಕೊನೆಗೆ ಬರೆದದ್ದೇ ಉಳಿಯುತ್ತದೆ. ಪಾಸ್‌ವರ್ಡ್, ಬ್ಯಾಂಕ್ ವಿವರ ಅಲ್ಲಿ ಇಡಲೇಬಾರದು, ಆ ಪೇಜಿನಲ್ಲಿ ಓಡೋ ಯಾವ ಸ್ಕ್ರಿಪ್ಟ್ ಬೇಕಾದ್ರೂ ಅದನ್ನ ಓದಬಹುದು. ಅಂಗಡಿಯಲ್ಲಿ ಒಂದೇ ಫೋನ್ ನಾಲ್ಕು ಜನ ಬಳಸ್ತಾರೆ ಅನ್ನೋದೂ ನೆನಪಿರಲಿ.

ಹಾಗಾಗಿ ನೆಟ್‌ವರ್ಕ್ ಸಿಕ್ಕಾಗ ಸರ್ವರ್‌ಗೆ ಕಳಿಸಿ, ಅಲ್ಲಿಂದ ‘ಸಿಕ್ತು’ ಅಂತ ಉತ್ತರ ಬಂದ ಮೇಲೆ ಮಾತ್ರ ಲೋಕಲ್ ಪ್ರತಿ ಅಳಿಸಿ. ಸರ್ವರ್ ಇಲ್ಲದ ಚಿಕ್ಕ ಪ್ರಾಜೆಕ್ಟ್ ಆದರೆ ಫೈಲ್ ಆಗಿ ಡೌನ್‌ಲೋಡ್ ಮಾಡೋ ಬಟನ್ ಒಂದಾದ್ರೂ ಇರಲಿ.

ಮುಂದಿನ ಮಿನಿ ಪ್ರಾಜೆಕ್ಟ್ ಡೆಮೊಗೆ ಮುಂಚೆ ಐದು ನಿಮಿಷ ತಗೊಂಡು ಇಷ್ಟು ನೋಡಿ: ಅರ್ಧ ಫಾರ್ಮ್ ತುಂಬಿ ರಿಫ್ರೆಶ್ ಒತ್ತಿ. ಏರೋಪ್ಲೇನ್ ಮೋಡ್ ಹಾಕಿ ಎಂಟ್ರಿ ಮಾಡಿ. ಡೆವಲಪರ್ ಟೂಲ್ಸ್‌ಗೆ ಹೋಗಿ ಸೇವ್ ಆದ ಸ್ಟ್ರಿಂಗಿನಿಂದ ಒಂದು ಬ್ರ್ಯಾಕೆಟ್ ಅಳಿಸಿ, ಪೇಜ್ ತೆರೆಯಿರಿ. ಮೂರರಲ್ಲೂ ಪಟ್ಟಿ ಉಳಿದರೆ, ಇಲ್ಲವೇ ಏನಾಯ್ತು ಅಂತ ಕನ್ನಡದಲ್ಲಿ ಒಂದು ಸಾಲು ಬಂದರೆ, ನಿಮ್ಮ ಆ್ಯಪನ್ನ ಕಾಟಾದ ಮುಂದೆ ಧೈರ್ಯವಾಗಿ ಇಡಬಹುದು.