ಒಳಪುಟದಲ್ಲಿರುವ ಪಾಠ

ರಾಜ್ಯದ ಬಹಳಷ್ಟು ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗೆ ಒಂದು ಕ್ರಮವಿದೆ. ನಾಡಗೀತೆ, ಸಂವಿಧಾನದ ಪ್ರಸ್ತಾವನೆ, ನುಡಿಮುತ್ತು, ಆಮೇಲೆ ವಾರ್ತೆ. ಎಂಟನೆಯ ತರಗತಿಯವರೊಬ್ಬರು ಮುಂದೆ ಬಂದು, ಆಕಾಶವಾಣಿಯ ಧಾಟಿಯಲ್ಲಿ ‘ಮುಖ್ಯಾಂಶಗಳು’ ಎಂದು ಶುರು ಮಾಡಿ, ದೆಹಲಿಯದೊಂದು, ಹೊರದೇಶದ್ದೊಂದು, ಕ್ರಿಕೆಟ್ಟಿನದೊಂದು ಓದಿ ಸಾಲಿಗೆ ವಾಪಸಾಗುತ್ತಾರೆ. ಉಳಿದವರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಅದೇ ಪತ್ರಿಕೆಯ ಒಳಪುಟದಲ್ಲಿ ಪಕ್ಕದೂರಿನ ಕೆರೆ ಕೋಡಿ ಬಿದ್ದದ್ದು, ಸಂತೆ ಸುಂಕದ ಹರಾಜು, ಶಾಲೆಯೆದುರಿನ ರಸ್ತೆಗೆ ಮಂಜೂರಾದ ಹಣ ಎಲ್ಲ ಅಚ್ಚಾಗಿರುತ್ತದೆ. ಅದನ್ನು ಓದುವ ವಾಡಿಕೆ ಇಲ್ಲ.

ಪತ್ರಿಕೆಯನ್ನು ತರಗತಿಗೆ ತರಬೇಕು ಎಂದು ಹೇಳುವವರು ಸಾಮಾನ್ಯವಾಗಿ ಕೊಡುವ ಕಾರಣಗಳು ಎರಡು: ಸಾಮಾನ್ಯ ಜ್ಞಾನ ಬೆಳೆಯುತ್ತದೆ, ಪದಸಂಪತ್ತು ಹೆಚ್ಚುತ್ತದೆ. ಎರಡೂ ಸುಳ್ಳಲ್ಲ. ಆದರೆ ಅಷ್ಟೇ ಆದರೆ ಪತ್ರಿಕೆಯೂ ಇನ್ನೊಂದು ಗೈಡ್ ಆಗಿಬಿಡುತ್ತದೆ. ಜಿಲ್ಲಾ ಪುಟಕ್ಕಿರುವ ನಿಜವಾದ ಶಕ್ತಿ ಬೇರೆ. ಅಲ್ಲಿ ಬರೆದದ್ದನ್ನು ಮಕ್ಕಳು ಪರೀಕ್ಷಿಸಿ ನೋಡಬಹುದು. ಪಠ್ಯಪುಸ್ತಕದ ಮುಂದೆ ಮಗುವಿಗೆ ಒಪ್ಪಿಕೊಳ್ಳುವುದೊಂದೇ ಕೆಲಸ. ತನ್ನೂರಿನ ಸುದ್ದಿಯ ಮುಂದೆ ಕೆಲವೊಮ್ಮೆ ವರದಿಗಾರನಿಗಿಂತ ಮಗುವಿಗೇ ಹೆಚ್ಚು ಗೊತ್ತಿರುತ್ತದೆ. ‘ಆ ಕೆರೆ ಆ ಊರಿಗೆ ಸೇರಿದ್ದಲ್ಲ ಸರ್’ ಎಂದು ಹಿಂದಿನ ಬೆಂಚಿನ ಹುಡುಗ ಎದ್ದು ಹೇಳುವಂಥ ಪಾಠ ಬೇರೆ ಯಾವ ಪುಸ್ತಕದಲ್ಲಿದೆ?

ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳು ನಿತ್ಯ ಹಾಕುವ ಜಲಾಶಯ ಮಟ್ಟದ ಚೌಕವನ್ನೇ ತೆಗೆದುಕೊಳ್ಳಿ. ಬೆರಳಗಲದ ಜಾಗ, ನಾಲ್ಕೈದು ಸಾಲು ಅಂಕಿ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು 2,284 ಅಡಿ. ಮೈಸೂರು ಭಾಗದ ಏಳನೆಯ ತರಗತಿಯವರಿಗೆ ಇದನ್ನು ತೋರಿಸಿ ಯಾವುದು ದೊಡ್ಡದು ಎಂದರೆ, ಕಬಿನಿ ಎಂಬ ಉತ್ತರ ಬಂದರೆ ಅದು ಮಕ್ಕಳ ದಡ್ಡತನವಲ್ಲ. ಅಂಕಿ ಹಾಗೇ ಹೇಳುತ್ತಿದೆ. ಕೆಆರ್‌ಎಸ್‌ನಲ್ಲಿ ನಿಲ್ಲುವುದು 49.45 ಟಿಎಂಸಿ, ಕಬಿನಿಯಲ್ಲಿ 19.52 ಟಿಎಂಸಿ. ಒಂದನ್ನು ಅಣೆಕಟ್ಟೆಯ ಬುಡದಿಂದ ಅಳೆದಿದ್ದಾರೆ, ಇನ್ನೊಂದನ್ನು ಸಮುದ್ರಮಟ್ಟದಿಂದ. ಲಿಂಗನಮಕ್ಕಿಯ 1,819 ಅಡಿಯೂ ಸಮುದ್ರಮಟ್ಟದ ಲೆಕ್ಕವೇ. ಆಲಮಟ್ಟಿಗೆ ಬಂದರೆ ಅಡಿಯೇ ಇಲ್ಲ, 519.60 ಮೀಟರ್. ಒಂದೇ ಚೌಕದಲ್ಲಿ ಮೂರು ಬಗೆಯ ಅಳತೆ! ಈ ಗೊಂದಲ ಬಿಡಿಸಲು ಹೊರಟರೆ ಭೂಗೋಳ, ಮೆಟ್ರಿಕ್ ಪದ್ಧತಿಯ ಇತಿಹಾಸ ಎಲ್ಲವೂ ತಾವಾಗಿ ಬಾಗಿಲು ತಟ್ಟುತ್ತವೆ.

ಲೆಕ್ಕದ ಮೇಷ್ಟ್ರಿಗೂ ಅಲ್ಲಿ ಕೆಲಸವಿದೆ. ಒಳಹರಿವು 25,000 ಕ್ಯುಸೆಕ್, ಹೊರಹರಿವು 5,000 ಎಂದಿದೆ ಅಂದುಕೊಳ್ಳಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಉಳಿಯುವ 20,000ವನ್ನು ಅದರಿಂದ ಗುಣಿಸಿದರೆ 172.8 ಕೋಟಿ ಘನ ಅಡಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾಗಿ ನಾಳೆ ಇದೇ ಹೊತ್ತಿಗೆ ಸುಮಾರು 1.73 ಟಿಎಂಸಿ ಹೆಚ್ಚಾಗಿರಬೇಕು. ಆಗಿದೆಯೇ? ಉತ್ತರ ಮರುದಿನದ ಪತ್ರಿಕೆಯಲ್ಲಿದೆ. ಸಾಮಾನ್ಯವಾಗಿ ಕರಾರುವಾಕ್ಕಾಗಿ ತಾಳೆಯಾಗುವುದಿಲ್ಲ. ಒಳಹರಿವು ದಿನವಿಡೀ ಒಂದೇ ಸಮ ಇರುವುದಿಲ್ಲ, ಅಳತೆ ತೆಗೆದ ಹೊತ್ತು ಬೇರೆ, ಆವಿಯಾಗಿ ಹೋದದ್ದು ಬೇರೆ. ಉತ್ತರ ಏಕೆ ತಾಳೆಯಾಗಲಿಲ್ಲ ಎಂದು ಮಕ್ಕಳು ತಲೆ ಕೆಡಿಸಿಕೊಳ್ಳುವುದು ಪುಸ್ತಕದ ಹಿಂದೆ ಉತ್ತರ ಅಚ್ಚಾಗಿರುವ ಲೆಕ್ಕಗಳಲ್ಲಿ ಸಾಧ್ಯವೇ ಇಲ್ಲ.

ಪೇಟೆ ಧಾರಣೆಯೂ ಇಂಥದ್ದೇ. ಶಿವಮೊಗ್ಗ, ಶಿರಸಿ ಕಡೆಯ ಪುಟಗಳಲ್ಲಿ ರಾಶಿ, ಬೆಟ್ಟೆ, ಗೊರಬಲು, ಚಾಲಿ ಎಂದು ಅಡಿಕೆಯ ದರಗಳ ಸಾಲು ಇರುತ್ತದೆ. ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಮನೆ. ಆ ‘ಮಾದರಿ’ ಬೆಲೆ ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರದಲ್ಲಿ ಬರುವ ಬಹುಲಕದ ಸಂಬಂಧಿ ಎಂದು ಹೇಳಿದರೆ ಸಾಕು, ಉಳಿದದ್ದನ್ನು ತೋಟದ ಮನೆಯ ಮಕ್ಕಳೇ ವಿವರಿಸುತ್ತಾರೆ. ಮಾಲು ಹಾಕುವವರಿಗೆ ಗರಿಷ್ಠ ದರದ ಮೇಲೆ ಏಕೆ ನಂಬಿಕೆಯಿಲ್ಲ ಎಂಬುದನ್ನೂ!

ದೊಡ್ಡ ಘಟನೆಯೊಂದು ಜಿಲ್ಲೆಯೊಳಗೇ ಆದಾಗ ಪತ್ರಿಕೆಯ ಪಾಠ ಇನ್ನೊಂದು ಮಟ್ಟಕ್ಕೆ ಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟ್‌ಗಳಲ್ಲಿ ಹತ್ತೊಂಬತ್ತನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ದುರಸ್ತಿಗೆ ಸುಮಾರು 60 ಟಿಎಂಸಿ ನೀರು ಖಾಲಿ ಮಾಡಬೇಕಾದೀತು ಎಂದು ಮೊದಲ ದಿನಗಳಲ್ಲಿ ವರದಿಯಾಗಿತ್ತು. ವಾರ ಕಳೆಯುವಷ್ಟರಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಕೂರಿಸಿದ್ದರಿಂದ ಅಷ್ಟು ನಷ್ಟ ಆಗಲಿಲ್ಲ. ಕೊಪ್ಪಳ, ವಿಜಯನಗರ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಶಾಲೆಗಳಲ್ಲಿ ಆ ಒಂದು ವಾರದ ಪತ್ರಿಕೆಗಳನ್ನು ಕತ್ತರಿಸಿ ತಾರೀಖಿನ ಪ್ರಕಾರ ಗೋಡೆಗೆ ಅಂಟಿಸಿದರೆ, ಸುದ್ದಿ ದಿನದಿಂದ ದಿನಕ್ಕೆ ಹೇಗೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮೊದಲ ದಿನದ ಅಂಕಿ ಸುಳ್ಳಾಗಿರಲಿಲ್ಲ. ಅಂದಿಗೆ ಗೊತ್ತಿದ್ದದ್ದು ಅಷ್ಟೇ. ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶಕ್ಕೆ ತಾರೀಖೂ ಇಲ್ಲ, ಬರೆದವರ ಹೆಸರೂ ಇಲ್ಲ, ನಾಳೆ ಅದನ್ನು ತಿದ್ದುವವರೂ ಇಲ್ಲ. ನೆರೆಯ ಕೇರಳದ ಕಣ್ಣೂರು ಜಿಲ್ಲಾಡಳಿತ 2018ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ತರಗತಿಗಳನ್ನು ನಡೆಸಿತ್ತು. ಒಳ್ಳೆಯ ಕೆಲಸ. ಆದರೆ ಸುಳ್ಳನ್ನು ಗುರುತಿಸುವ ಮೊದಲು, ಒಂದು ಸುದ್ದಿ ಪ್ರಾಮಾಣಿಕವಾಗಿ ತಯಾರಾಗುವುದು ಹೇಗೆಂದು ಮಕ್ಕಳು ನೋಡಿರಬೇಕು ಎನ್ನುವುದು ನನ್ನ ವಾದ.

ಇದೇನೂ ಹೊಸ ಆಲೋಚನೆಯಲ್ಲ. ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ಟಾನ್ ಫ್ರೆನೆ ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯ ಮಾಡಿಕೊಂಡು ಬಂದವರು. ಹೆಚ್ಚು ಹೊತ್ತು ಮಾತಾಡಿ ಪಾಠ ಮಾಡುವ ತ್ರಾಣ ಇರಲಿಲ್ಲ. 1920ರ ದಶಕದಲ್ಲಿ ಒಂದು ಪುಟ್ಟ ಅಚ್ಚಿನ ಯಂತ್ರ ತಂದು ತರಗತಿಯಲ್ಲಿಟ್ಟರು. ಮಕ್ಕಳು ಊರು ಸುತ್ತಿ ಕಂಡದ್ದನ್ನು ಬರೆದು, ಮೊಳೆ ಜೋಡಿಸಿ, ಅಚ್ಚು ಹಾಕಿ, ದೇಶದ ಇನ್ನೊಂದು ಮೂಲೆಯ ಶಾಲೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ನಮ್ಮಲ್ಲೂ ಗೋಡೆ ಪತ್ರಿಕೆ, ಕೈಬರಹದ ಪತ್ರಿಕೆ ಇವೆ. ಹೆಚ್ಚಿನವುಗಳಲ್ಲಿ ಗಾದೆ, ಒಗಟು, ಗಾಂಧೀಜಿಯ ಚಿತ್ರ ಇರುತ್ತವೆ, ಊರು ಇರುವುದಿಲ್ಲ. ಕನ್ನಡದ ಮೊದಲ ಪತ್ರಿಕೆಯನ್ನೇ ನೋಡಿ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ ಅದರ ಹೆಸರಿನಲ್ಲೇ ಊರಿತ್ತು: ಮಂಗಳೂರ ಸಮಾಚಾರ.

ಫ್ರೆನೆಯ ಅಂಚೆಯ ಉಪಾಯ ನಮಗೆ ಇನ್ನೊಂದು ರೀತಿಯಲ್ಲಿ ಒದಗುತ್ತದೆ. ಒಂದೇ ಪತ್ರಿಕೆಯ ಜಿಲ್ಲಾ ಪುಟಗಳು ಆವೃತ್ತಿಗೊಂದರಂತೆ ಬೇರೆ ಬೇರೆ. ಮಡಿಕೇರಿಯಲ್ಲಿ 1957ರಿಂದ ಬರುತ್ತಿರುವ ‘ಶಕ್ತಿ’ಯನ್ನು ಯಾದಗಿರಿಯ ಮಕ್ಕಳು ಕಂಡಿರಲಾರರು. ಎರಡು ಜಿಲ್ಲೆಗಳ ಶಾಲೆಗಳು ತಿಂಗಳಿಗೊಮ್ಮೆ ಹಳೆಯ ಪತ್ರಿಕೆಯ ಕಟ್ಟನ್ನು ಅದಲುಬದಲು ಮಾಡಿಕೊಂಡರೆ, ಆನೆ ಕಾಟದ ಸುದ್ದಿಯೇ ಇಲ್ಲದ ಪತ್ರಿಕೆ ಕೊಡಗಿನ ಮಕ್ಕಳಿಗೂ, ತೊಗರಿ ದರವೇ ಇಲ್ಲದ ಪತ್ರಿಕೆ ಯಾದಗಿರಿಯ ಮಕ್ಕಳಿಗೂ ಸಿಗುತ್ತದೆ.

ಕನ್ನಡ ತರಗತಿಯಲ್ಲಿ ಪತ್ರಲೇಖನ ಕಡ್ಡಾಯ. ‘ನೀವು ಇಂಥ ಊರಿನ ಇಂಥವರೆಂದು ಭಾವಿಸಿ’ ಎಂದು ಪ್ರಶ್ನೆ ಶುರುವಾಗುತ್ತದೆ. ಇಲ್ಲದ ಊರು, ಇಲ್ಲದ ಹೆಸರು, ಯಾರಿಗೂ ತಲುಪದ ಪತ್ರ. ಒಕ್ಕಣೆಗೆ ಮಾತ್ರ ಅಂಕ. ಸಂಜೆ ಐದರ ಬಸ್ಸು ಕೋರಿಕೆ ನಿಲುಗಡೆಯಲ್ಲಿ ನಿಲ್ಲುವುದಿಲ್ಲ ಎಂದು ಹೆಸರು ವಿಳಾಸ ಸಮೇತ ವಾಚಕರ ವಾಣಿಗೆ ಬರೆಯುವುದಕ್ಕೆ ಏನನ್ನೂ ಭಾವಿಸಬೇಕಾಗಿಲ್ಲ. ಪ್ರಕಟವಾದರೆ ಸಂತೋಷ. ಕತ್ತರಿಸಿ ಪ್ರಕಟಿಸಿದರೆ ಇನ್ನೂ ಒಳ್ಳೆಯದು: ಏನನ್ನು ಬಿಟ್ಟರು, ಏಕೆ ಬಿಟ್ಟರು ಎಂಬುದೇ ಸಂಕ್ಷೇಪ ಲೇಖನದ ಪಾಠ.

ಅಡ್ಡಿಗಳು ಇಲ್ಲವೆಂದಲ್ಲ. ಜಿಲ್ಲಾ ಪುಟದಲ್ಲಿ ಕೊಲೆ, ಆತ್ಮಹತ್ಯೆ, ಅತ್ಯಾಚಾರದ ಸುದ್ದಿಗಳೂ ಇರುತ್ತವೆ. ಐದನೆಯ ತರಗತಿಗೆ ಇಡೀ ಪತ್ರಿಕೆ ಕೊಡುವುದು ವಿವೇಕವಲ್ಲ, ಕತ್ತರಿ ಮೇಷ್ಟ್ರ ಕೈಲಿರಬೇಕು. ಒಂಬತ್ತು, ಹತ್ತಕ್ಕೆ ಬಂದವರೊಂದಿಗೆ ಮಾತ್ರ, ಕೆಲವು ವರದಿಗಳಲ್ಲಿ ಬಾಲಕಿಯ ಹೆಸರು, ಊರು, ಶಾಲೆ ಏಕಿಲ್ಲ ಎಂದು ಮಾತಾಡಲೇಬೇಕು. 2012ರ ಪೋಕ್ಸೊ ಕಾಯ್ದೆ ಆ ಗುರುತನ್ನು ಬಯಲು ಮಾಡುವುದನ್ನು ನಿರ್ಬಂಧಿಸುತ್ತದೆ. ಅದೇ ಹೆಸರು ಫೋನಿನಲ್ಲಿ ಹರಿದಾಡುತ್ತಿರುತ್ತದೆ ಎಂಬುದು ಮಕ್ಕಳಿಗೆ ನಮಗಿಂತ ಮೊದಲೇ ಗೊತ್ತು.

ಜಾಹೀರಾತಿನದು ಮತ್ತೊಂದು ಕಥೆ. ರಾಜಕಾರಣಿಯ ಹುಟ್ಟುಹಬ್ಬದ ಪುರವಣಿ, ಸುದ್ದಿಯ ವೇಷ ತೊಟ್ಟ ಖಾಸಗಿ ಕಾಲೇಜಿನ ಪ್ರಶಂಸೆ ಇವನ್ನು ಬೇರ್ಪಡಿಸಲು ಕಲಿಸದೆ ಪತ್ರಿಕೆ ಕೊಟ್ಟರೆ ಪ್ರಯೋಜನಕ್ಕಿಂತ ಅಪಾಯವೇ ಜಾಸ್ತಿ. ನಗರದ ಶಾಲೆಗಳಿಗೆ ಕಡಿಮೆ ದರದಲ್ಲಿ ವಿದ್ಯಾರ್ಥಿ ಆವೃತ್ತಿ ಒದಗಿಸುವ ಪತ್ರಿಕಾ ಸಂಸ್ಥೆಗಳಿಗೂ ನಾಳಿನ ಓದುಗರನ್ನು ಹಿಡಿದಿಟ್ಟುಕೊಳ್ಳುವ ಲೆಕ್ಕಾಚಾರವಿದೆ. ಇರಲಿ. ಅಂಥ ಆವೃತ್ತಿಗಳಲ್ಲಿ ಒಗಟು, ಬಣ್ಣ ತುಂಬುವ ಚಿತ್ರ ಹೇರಳ. ಗ್ರಾಮ ಪಂಚಾಯಿತಿಯ ಸಭೆಯ ಸುದ್ದಿಗೆ ಅಲ್ಲಿ ಜಾಗವಿಲ್ಲ ಎಂಬುದಷ್ಟೇ ನನ್ನ ತಕರಾರು.

ಹಳ್ಳಿ ಶಾಲೆಗೆ ಪತ್ರಿಕೆಯ ಖರ್ಚು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಊರಲ್ಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಅಲ್ಲಿನ ನಿನ್ನೆಯ ಪತ್ರಿಕೆ ಇವತ್ತು ಶಾಲೆಗೆ ಬಂದರೂ ನಡೆಯುತ್ತದೆ. ಜಲಾಶಯದ ಲೆಕ್ಕಕ್ಕೆ ಹೇಗೂ ಎರಡು ದಿನದ್ದು ಬೇಕು.

ಪತ್ರಿಕೆಯಷ್ಟೇ ಅಲ್ಲ, ಅದಕ್ಕೆ ಬರೆಯುವವರೂ ಹತ್ತಿರದಲ್ಲೇ ಇದ್ದಾರೆ: ತಾಲ್ಲೂಕಿನ ವರದಿಗಾರರು. ಬಹುತೇಕರು ಅರೆಕಾಲಿಕ. ಅಲ್ಪ ಗೌರವಧನ, ಜತೆಗೊಂದು ಜೆರಾಕ್ಸ್ ಅಂಗಡಿಯೋ ತೋಟವೋ, ಕೆಲವರಿಗೆ ಜಾಹೀರಾತು ತರುವ ಹೊಣೆಯೂ. ಕರೆದರೆ ಬಂದಾರು. ಬಂದಾಗ ಭಾಷಣ ಬೇಡ. ಅವರೇ ಬರೆದ ಒಂದು ಸುದ್ದಿಯನ್ನು ಮಕ್ಕಳ ಕೈಗೆ ಕೊಟ್ಟು ಪ್ರಶ್ನೆ ಕೇಳಲು ಬಿಡಿ. ಇದನ್ನು ನಿಮಗೆ ಹೇಳಿದವರು ಯಾರು? ನೀವು ಅಲ್ಲಿಗೆ ಹೋಗಿದ್ದಿರಾ? ಎಂಜಿನಿಯರ್ ಹೇಳಿದ ಅಂಕಿಯನ್ನು ಇನ್ಯಾರ ಹತ್ತಿರ ಕೇಳಿದಿರಿ? ಜಾಹೀರಾತು ಕೊಟ್ಟವರ ಮೇಲೆ ಸುದ್ದಿ ಬರೆಯುತ್ತೀರಾ? ಕೊನೆಯ ಪ್ರಶ್ನೆಗೆ ಅವರು ಸ್ವಲ್ಪ ತಡವರಿಸಬಹುದು. ಮೇಷ್ಟ್ರು ಆಗ ನಡುವೆ ಬಾಯಿ ಹಾಕಬಾರದು.