ಹಳೆಯ ಚೈನ್ ಗರಗಸದಿಂದ ಮರ ಕೊಯ್ಯುವ ಮುನ್ನ



ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಸೀಮೆಯಲ್ಲಿ ಬದುವಿನ ಮರ ಕೊಯ್ಯಲು ಕೊಡಲಿಗೆ ಬದಲು ಚೈನ್ ಗರಗಸ ಬಂದಿದೆ. ಹಳೆಯದನ್ನು ಕೊಳ್ಳುವವರು ಮೊದಲು ಚೈನ್ ಬ್ರೇಕ್ ನೋಡಿರಿ. 1970ರ ದಶಕಕ್ಕೆ ಮೊದಲು ತಯಾರಾದ ಗರಗಸಗಳಲ್ಲಿ ಇದು ಸಾಮಾನ್ಯವಾಗಿ ಇರಲಿಲ್ಲ. ಗರಗಸದ ತುದಿ ಮರಕ್ಕೆ ತಾಗಿದರೆ ಅದು ಮುಖದತ್ತ ಚಿಮ್ಮುತ್ತದೆ. ಆಗ ಚೈನನ್ನು ನಿಲ್ಲಿಸುವುದು ಈ ಬ್ರೇಕೇ. ಅದನ್ನು ಎಂದಿಗೂ ಬಿಚ್ಚಿಸಬೇಡಿರಿ. ಕೆಟ್ಟಿದ್ದರೆ ರಿಪೇರಿಯಾಗುವವರೆಗೆ ಗರಗಸ ಮುಟ್ಟಬೇಡಿರಿ. ಚೈನಿಗೆ ಅರ ಹಾಕುವಾಗ ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ವಯರು ತೆಗೆದಿಡಿರಿ.

ಮರ ಬೀಳಿಸುವ ಕ್ರಮ ಹೀಗಿರಲಿ:

1. ಮರದ ಎತ್ತರದ ಎರಡರಷ್ಟು ದೂರಕ್ಕೆ ಜನ, ದನಗಳನ್ನು ಕಳುಹಿಸಿರಿ. ನೀವು ಹಿಂದಕ್ಕೆ ಓರೆಯಾಗಿ ಸರಿಯಲು ದಾರಿ ಸವರಿಡಿರಿ.

2. ಮರ ಬೀಳಬೇಕಾದ ಕಡೆ ಕಾಂಡದ ದಪ್ಪದ ಕಾಲು ಭಾಗದವರೆಗೆ ಕಚ್ಚು ತೆಗೆಯಿರಿ.

3. ಹಿಂಬದಿಯಿಂದ, ಕಚ್ಚಿಗಿಂತ ತುಸು ಮೇಲೆ ಕೊಯ್ಯಿರಿ. ಪೂರ್ತಿ ಕೊಯ್ಯಬಾರದು. 10 ಅಂಗುಲ ದಪ್ಪದ ಮರಕ್ಕೆ ನಡುವೆ 1 ಅಂಗುಲ ಉಳಿಯಲಿ. ಬಾಗಿಲ ತಿರುಗಣಿಯಂತೆ ಅದೇ ಮರವನ್ನು ಹಿಡಿದು ಬಾಗಿಸುತ್ತದೆ.

ಟೊಳ್ಳು ಮರ, ಒಣಗಿದ ತೆಂಗುಗಳಲ್ಲಿ ಈ ಹಿಡಿತ ನಂಬುವಂತಹುದಲ್ಲ, ನುರಿತವರನ್ನೇ ಕರೆಯಿರಿ. 1976ರ ಮರ ಸಂರಕ್ಷಣಾ ಕಾಯಿದೆಯಂತೆ ಹಲವು ಜಾತಿಯ ಮರಗಳಿಗೆ ಅನುಮತಿ ಬೇಕು. ಅರಣ್ಯ ಕಚೇರಿಯಲ್ಲಿ ವಿಚಾರಿಸಿಯೇ ಗರಗಸ ಹಿಡಿಯಿರಿ.