ಧಾರವಾಡದ ಒಂದು ಅರ್ಜಿ, ಎಲ್ಲರ ಶಾಲೆ

1856ರ ಜೂನ್. ಧಾರವಾಡದ ಸರ್ಕಾರಿ ಶಾಲೆ ಸೇರಿಸಿಕೊಳ್ಳಲಿಲ್ಲ ಅಂತ ಮಹಾರ್ ಸಮುದಾಯದ ಒಬ್ಬ ಹುಡುಗ ಮುಂಬೈ ಸರ್ಕಾರಕ್ಕೆ ಅರ್ಜಿ ಹಾಕಿದ. ಫೀ ಕಟ್ಟಲಿಕ್ಕೂ ತಯಾರಿದ್ದ. ಅಡ್ಡ ಬಂದಿದ್ದು ಜಾತಿ.

ನ್ಯಾಯ ಹುಡುಗನ ಕಡೆ ಐತಿ ಅಂತ ಸರ್ಕಾರ ಒಪ್ಪಿತು. ಆದ್ರೆ ಒಬ್ಬನಿಗೋಸ್ಕರ ಉಳಿದವರು ಶಾಲೆ ಬಿಟ್ಟರೆ ಹೆಂಗ ಅಂತ ಕೈಚೆಲ್ಲಿತು.

ವಿಷಯ ಕಲ್ಕತ್ತಾ ದಾಟಿ ಲಂಡನ್ ಮುಟ್ಟಿತು. ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಹೇಳಿದರು. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕೂಡ ಆಗ ಮುಂಬೈ ಆಡಳಿತದಾಗೇ ಇದ್ದವು. ಅಂದ್ರೆ ಇಲ್ಲಿಗೂ ಅದೇ ನಿಯಮ.

ನಿಯಮ ಬಂತು, ಬೆಂಚಿನ ಮೇಲೆ ಜಾಗ ಸಿಗಲಿಲ್ಲ. ಅದಕ್ಕೇ 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರ್ ಇದೇ ಧಾರವಾಡದ ಪ್ರಕರಣ ಎತ್ತಬೇಕಾಯ್ತು.